ಕುಂಡದ ಗಿಡವೂ ಅನರ್ಥದಂಡ ವ್ರತವೂ

ಸ್ಥಾವರ ಜೀವಗಳ ವಿಷಯದಲ್ಲಿ ಗೃಹಸ್ಥನ ಹೊಣೆ ಎಷ್ಟು ಎಂಬ ಪ್ರಶ್ನೆ ಹೊಸದೇನಲ್ಲ. ಅಡುಗೆಮನೆಯ ಮಟ್ಟಿಗೆ ಅದಕ್ಕೆ ಉತ್ತರ ಬಹುಕಾಲದ ಹಿಂದೆಯೇ ದೊರೆತಿದೆ. ಯಾವ ಗೆಡ್ಡೆ ವರ್ಜ್ಯ, ಯಾವ ತಿಥಿಯಲ್ಲಿ ಹಸಿರು ವರ್ಜ್ಯ, ಯಾವ ಹೊತ್ತಿನ ಮೇಲೆ ಊಟ ವರ್ಜ್ಯ ಎಂಬುದನ್ನು ಜೈನ ಮನೆಯ ಮಗು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತದೆ. ಆದರೆ ಅದೇ ಮನೆಯ ಕಿಟಕಿಯ ಕಟ್ಟೆಯ ಮೇಲೆ ಈಚಿನ ವರ್ಷಗಳಲ್ಲಿ ಸಾಲಾಗಿ ಬಂದು ಕುಳಿತಿರುವ ಅಂಗೈಯಗಲದ ಕುಂಡಗಳ ವಿಷಯದಲ್ಲಿ ಯಾವ ಉತ್ತರವೂ ಸಿದ್ಧವಾಗಿಲ್ಲ. ಅವು ತಿನ್ನುವ ಗಿಡಗಳಲ್ಲ, ಪೂಜೆಗೆ ಹೂ ಕೊಡುವ ಗಿಡಗಳಲ್ಲ, ನೆರಳಿಗೂ ಒದಗುವುದಿಲ್ಲ. ನೋಡುವುದಕ್ಕೆಂದೇ ತಂದವು. ನೋಡಲು ಚೆಂದವಾಗಿರಲೆಂದು ಅವುಗಳ ಎಲೆ ಕೀಳುವುದು, ತುದಿ ಚಿವುಟುವುದು, ಕಾಂಡ ಕತ್ತರಿಸುವುದು ನಡೆದೇ ಇರುತ್ತದೆ. ಇದು ಆರೈಕೆಯೋ ಹಿಂಸೆಯೋ?

ಸಕ್ಯುಲೆಂಟ್ ಎಂಬ ಹೆಸರಿನಲ್ಲಿ ನರ್ಸರಿಗಳು ಮಾರುವ ಈ ಗಿಡಗಳ ಎಲೆ ಮತ್ತು ಕಾಂಡಗಳು ನೀರನ್ನು ಕೂಡಿಟ್ಟುಕೊಳ್ಳುವ ಪಾತ್ರೆಗಳು. ತಾವರೆಯಂತೆ ಸುತ್ತುಸುತ್ತಾಗಿ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾ ಮುಖ್ಯವಾಗಿ ಮೆಕ್ಸಿಕೋ ದೇಶದ್ದು. ಜೇಡ್ ಎಂದು ಕರೆಯುವ ದಪ್ಪೆಲೆಯ ಗಿಡವೂ ಹಾವರ್ಥಿಯಾ ಎಂಬ ಪುಟ್ಟ ಗಿಡವೂ ದಕ್ಷಿಣ ಆಫ್ರಿಕದ ಕಡೆಯವು. ಹೆಸರು ಪರದೇಶದ್ದಾದರೂ ಗುಣ ಇಲ್ಲಿಯವರಿಗೆ ಅಪರಿಚಿತವಲ್ಲ. ಲೋಳೆಸರ, ಕಳ್ಳಿ, ಕಾಡುಬಸಳೆ ಎಲ್ಲವೂ ಇದೇ ಗುಣದವು. ಕಾಡುಬಸಳೆಯ ಎಲೆಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು, ಅದರ ಅಂಚಿನಲ್ಲಿ ಮರಿ ಮೊಳೆಯುವುದನ್ನು ಕಾದ ಹುಡುಗರು ಈಗ ಅಜ್ಜಂದಿರಾಗಿದ್ದಾರೆ. ಇನ್ನು ಲೋಳೆಸರವನ್ನು ಬೇರು ಮೇಲಾಗಿ ಅಂಗಡಿಯ ಬಾಗಿಲಿಗೆ ತೂಗುಹಾಕುವ ಪದ್ಧತಿ ಪೇಟೆಬೀದಿಯಲ್ಲಿ ನಡೆದವರಿಗೆಲ್ಲ ಗೊತ್ತು. ಮಣ್ಣಿಲ್ಲದೆ, ನೀರಿಲ್ಲದೆ ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುವುದನ್ನು ಕಂಡು, ವ್ಯಾಪಾರಕ್ಕೆ ಕೆಟ್ಟ ದೃಷ್ಟಿ ತಾಗಲಿಲ್ಲವೆಂದು ಅಂಗಡಿಯವರು ಸಮಾಧಾನಪಡುತ್ತಾರೆ. ಆ ಗಿಡ ಸಾಯುವುದಕ್ಕೆ ಅಷ್ಟು ತಿಂಗಳು ತೆಗೆದುಕೊಳ್ಳುತ್ತಿದೆ ಎಂಬುದೂ ಅದೇ ದೃಶ್ಯದ ಅರ್ಥ. ಸಮ್ಯಕ್ತ್ವದ ದೃಷ್ಟಿಯಿಂದ ಆ ಪದ್ಧತಿಯ ವಿಚಾರ ಬೇರೆಯೇ ಇದೆ, ಅದು ಹಾಗಿರಲಿ.

ಚತುರ್ದಶಿಯ ಒಂದು ಬೆಳಿಗ್ಗೆ, ನಗರದ ಮಹಡಿಮನೆಯೊಂದರಲ್ಲಿ ನಡೆಯಬಹುದಾದ ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಬಸದಿಯಿಂದ ಹಿಂದಿರುಗಿದ ಅತ್ತೆಗೆ ಸೊಸೆಯ ಕೈಯಲ್ಲಿ ಚೂಪಾದ ಚಾಕು ಕಾಣಿಸುತ್ತದೆ. ಮುಂದೆ ಎಚೆವೇರಿಯಾದ ಕುಂಡ.

“ಏನಮ್ಮ ಇದು? ಇವತ್ತು ಚತುರ್ದಶಿ. ಕೊತ್ತಂಬರಿ ಸೊಪ್ಪನ್ನೂ ಮುಟ್ಟದ ದಿನ ನೀನು ಗಿಡದ ಕತ್ತು ಕೊಯ್ಯುತ್ತಿದ್ದೀಯಲ್ಲ?”

“ಅತ್ತೆ, ಇದರ ಬುಡ ಕೊಳೆತಿದೆ. ಇಂದು ಮೇಲಿನ ಭಾಗ ಬೇರ್ಪಡಿಸದಿದ್ದರೆ ಕೊಳೆತ ಅದಕ್ಕೂ ಏರುತ್ತದೆ. ಕತ್ತರಿಸಿದರೆ ಇಷ್ಟಾದರೂ ಉಳಿಯುತ್ತದೆ, ಬಿಟ್ಟರೆ ಪೂರ್ತಿ ಹೋಗುತ್ತದೆ.”

“ಕಾರಣ ಹುಡುಕಿದರೆ ಎಲ್ಲದಕ್ಕೂ ಸಿಗುತ್ತದೆ.”

ಸೊಸೆ ಕತ್ತರಿಸಿದಳು. ಅತ್ತೆ ಅಂದು ಅವಳೊಡನೆ ಮಾತನಾಡಲಿಲ್ಲ.

ಇಬ್ಬರಲ್ಲಿ ಯಾರೂ ಹಗುರವಾಗಿ ಮಾತನಾಡಿದವರಲ್ಲ. ಪರ್ವತಿಥಿಯಲ್ಲಿ ಹಸಿರನ್ನು ತ್ಯಜಿಸುವ ನಿಯಮ ಅತ್ತೆಯದು. ನಿಯಮ ತೆಗೆದುಕೊಂಡವರನ್ನು ಬಂಧಿಸುವಂಥದು, ಮನೆಯವರನ್ನೆಲ್ಲ ತಾನಾಗಿಯೇ ಬಂಧಿಸದು ಎಂದು ಸೊಸೆಯ ಪರವಾಗಿ ವಾದಿಸಬಹುದು. ಆದರೆ ಅದು ನ್ಯಾಯಾಲಯದ ವಾದವಾದೀತು, ಪ್ರಶ್ನೆಗೆ ಉತ್ತರವಾಗದು. ಅತ್ತೆ ಕೇಳಿದ್ದು ತಿಥಿಯ ಮಾತಾದರೂ ಅವರ ಮನಸ್ಸಿನಲ್ಲಿದ್ದದ್ದು ಜೀವದ ಮಾತು. ಆ ಜೀವದ ಸ್ವರೂಪವನ್ನು ಮೊದಲು ನೋಡಬೇಕು.

ಚಾವುಂಡರಾಯನ ಕಾಲದಲ್ಲಿ, ಅಂದರೆ 10ನೆಯ ಶತಮಾನದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ವನಸ್ಪತಿಕಾಯದ ವಿವೇಚನೆ ಸೂಕ್ಷ್ಮವಾಗಿ ಬಂದಿದೆ. ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿ ವೃತ್ತಿ ಬರೆದ ಗ್ರಂಥವಾದ್ದರಿಂದ ಈ ನಾಡಿನ ಸ್ವಾಧ್ಯಾಯಪರರಿಗೆ ಅದು ಹೊಸದಲ್ಲ. ಸಸ್ಯಗಳು ಬೇರಿನಿಂದ, ತುದಿಯಿಂದ, ಗೆಣ್ಣಿನಿಂದ, ಗೆಡ್ಡೆಯಿಂದ, ಕಾಂಡದಿಂದ, ಬೀಜದಿಂದ ಹುಟ್ಟುವ ಬಗೆಗಳನ್ನು ಆಚಾರ್ಯರು ಎಣಿಸುತ್ತಾರೆ. ಮುಂದೆ, ಒಂದೇ ಜೀವದ ಒಡಲಾಗಿರುವ ಸಸ್ಯಕ್ಕೂ ಅನಂತ ನಿಗೋದ ಜೀವಗಳಿಗೆ ನೆಲೆಯಾಗಿರುವ ಸಸ್ಯಕ್ಕೂ ಇರುವ ಭೇದವನ್ನು ಕಣ್ಣಿನಿಂದಲೂ ಕೈಯಿಂದಲೂ ತಿಳಿಯುವ ಗುರುತುಗಳನ್ನು ಕೊಡುತ್ತಾರೆ. ನರ, ಸಂಧಿ, ಗೆಣ್ಣುಗಳು ಹೊರಗೆ ಕಾಣದಿರುವುದು. ಮುರಿದರೆ ಸಮನಾಗಿ ಮುರಿಯುವುದು. ಮುರಿದಲ್ಲಿ ನಾರು ಏಳದಿರುವುದು. ಕತ್ತರಿಸಿದರೂ ಮತ್ತೆ ಬೆಳೆಯುವುದು. ಇವು ಎರಡನೆಯ ಬಗೆಯ ಲಕ್ಷಣಗಳು.

ಜೇಡ್ ಗಿಡದ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಈ ಲಕ್ಷಣಗಳನ್ನು ಓದಿದಾಗ ಸ್ತಬ್ಧರಾಗದಿರಲಾರರು. ಅದರ ಮೇಲೆ ನರ ಕಾಣದು. ಬಾಗಿಸಿದರೆ ಸೌತೆಕಾಯಿಯಂತೆ ಸಮನಾಗಿ ಮುರಿಯುತ್ತದೆ. ನಾರು ಏಳದು. ಮುರಿದು ಬಿದ್ದ ತುಂಡು ಮಣ್ಣಿನ ಮೇಲೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಪ್ರಚಲಿತವಾದ 32 ಅನಂತಕಾಯಗಳ ಪಟ್ಟಿಯಲ್ಲಂತೂ ಲೋಳೆಸರವೂ ಕಳ್ಳಿಯೂ ಹೆಸರು ಹಿಡಿದೇ ಬಂದಿವೆ. ಕಡಲಾಚೆಯ ಪ್ರತಿಯೊಂದು ಗಿಡವನ್ನೂ ಯಾವ ವರ್ಗಕ್ಕೆ ಸೇರಿಸಬೇಕೆಂಬ ನಿರ್ಣಯ ಆಗಮಜ್ಞರಿಗೆ ಬಿಟ್ಟದ್ದು. ಇಲ್ಲಿ ಗಮನಿಸಬೇಕಾದದ್ದು ಮತ್ತೊಂದು. ಗಿಡ ಸಾಕುವವರು ತಮ್ಮ ಕತ್ತರಿಗೆ ಕೊಡುವ ಸಮರ್ಥನೆ ಸಾಮಾನ್ಯವಾಗಿ ಒಂದೇ: “ಕತ್ತರಿಸಿದರೇನಾಯಿತು, ಮತ್ತೆ ಚಿಗುರುತ್ತದೆಯಲ್ಲ!” ಶಾಸ್ತ್ರಕಾರರು ಅದೇ ಗುಣವನ್ನು ಕಂಡು ಅದಕ್ಕೆ ವಿರುದ್ಧವಾದ ನಿರ್ಧಾರಕ್ಕೆ ಬಂದರು. ಯಾವುದು ಎಷ್ಟು ತುಂಡಾದರೂ ಜೀವಿಸುತ್ತದೆಯೋ ಅದರ ತುಂಡುತುಂಡಿನಲ್ಲೂ ಜೀವವಿದೆ. ಆದಕಾರಣ ಅಲ್ಲಿ ಕೈ ಹೆಚ್ಚು ಎಚ್ಚರದಿಂದಿರಬೇಕು. ಇಂದಿನವರಿಗೆ ಪರವಾನಗಿಯಾಗಿ ಕಂಡದ್ದು ಅವರಿಗೆ ಎಚ್ಚರಿಕೆಯಾಗಿ ಕಂಡಿತು.

ಹಾಗಾದರೆ ಮುಟ್ಟಲೇಬಾರದೇ? ಮುನಿಗಳಿಗೆ ಆ ಮಾತು ಸಲ್ಲುತ್ತದೆ. ಶ್ರವಣಬೆಳಗೊಳದಲ್ಲಿ 981ರಲ್ಲಿ ಪ್ರತಿಷ್ಠಾಪಿತನಾದ ಗೊಮ್ಮಟೇಶ್ವರನ ಕಾಲಿನಿಂದ ತೋಳಿನವರೆಗೆ ಹಬ್ಬಿದ ಬಳ್ಳಿಯನ್ನು ಯಾತ್ರಿಕರೆಲ್ಲರೂ ಕಂಡಿದ್ದಾರೆ. ಬಾಹುಬಲಿ ಸ್ವಾಮಿ ಅದನ್ನು ಕೊಡವಿಕೊಳ್ಳಲಿಲ್ಲ. ಆದರೆ ಅದೇ ಕಥೆಯ ಇನ್ನೊಂದು ದೃಶ್ಯವನ್ನು ಐಹೊಳೆಯ ಜೈನ ಗುಹೆಯಲ್ಲಿ, ಎಲ್ಲೋರದ ಗುಹೆಗಳಲ್ಲಿ ಕಾಣಬಹುದು. ಅಲ್ಲಿ ಧ್ಯಾನಸ್ಥ ಬಾಹುಬಲಿಯ ಎಡಬಲದಲ್ಲಿ ಇಬ್ಬರು ಸ್ತ್ರೀಯರು ನಿಂತಿದ್ದಾರೆ. ಅವರನ್ನು ಬಳ್ಳಿ ಬಿಡಿಸುವ ವಿದ್ಯಾಧರಿಯರೆಂದು ವಿದ್ವಾಂಸರು ಗುರುತಿಸಿದ್ದಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆ ಪ್ರಸಂಗವಿದೆ. ಸುತ್ತಿಕೊಂಡದ್ದನ್ನು ಅವರು ಸುತ್ತು ಬಿಡಿಸಿ ತೆಗೆಯುತ್ತಾರೆ. ಕೈಯಲ್ಲಿ ಕುಡುಗೋಲಿಲ್ಲ. ಮುನಿ ಮುಟ್ಟದಿರುವುದೂ ಗೃಹಸ್ಥರು ಮೆಲ್ಲಗೆ ಬಿಡಿಸುವುದೂ ಒಂದೇ ಶಿಲೆಯಲ್ಲಿ ಕೂಡಿ ನಿಂತಿರುವುದು ಶಿಲ್ಪಿಯ ವಿವೇಕವೆನ್ನಬೇಕು.

ಶ್ರಾವಕನಿಗೆ ಸ್ಥಾವರಹಿಂಸೆಯ ಸಂಪೂರ್ಣ ತ್ಯಾಗ ವಿಧಿಸಲ್ಪಟ್ಟಿಲ್ಲ. ಬದುಕಿಗೆ ಅನಿವಾರ್ಯವಾದಷ್ಟನ್ನು ಬಿಟ್ಟು ಮಿಕ್ಕದ್ದನ್ನು ತ್ಯಜಿಸಬೇಕೆಂಬುದು ಅವನಿಗೆ ಹಾಕಿಕೊಟ್ಟ ಗೆರೆ. ಆ ಗೆರೆಯನ್ನು ಕಾಯುವುದೇ ಮೂರು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಇವುಗಳ ಜೊತೆಯಲ್ಲಿಯೇ ಪ್ರಯೋಜನವಿಲ್ಲದೆ ಸಸ್ಯ ಕತ್ತರಿಸುವುದನ್ನೂ ಇಟ್ಟಿದ್ದಾರೆ. ಅಲ್ಲಿ ಭಾರ ಬಿದ್ದಿರುವುದು ಪ್ರಯೋಜನವಿಲ್ಲದೆ ಎಂಬುದರ ಮೇಲೆ. ಕುಂಡದ ಗಿಡಕ್ಕೆ ಹಿಡಿದ ಕತ್ತರಿಯ ಪ್ರಯೋಜನ ಯಾರಿಗೆ ಎಂದು ಕೇಳಿದಾಗ, ಹೊರನೋಟಕ್ಕೆ ಒಂದೇ ಆಗಿ ಕಾಣುವ ಕೆಲಸಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಆದುದರಿಂದ ಆ ಕೆಲಸಗಳನ್ನು ಹತ್ತಿರದಿಂದ ನೋಡಬೇಕಾಗುತ್ತದೆ.

ಎಚೆವೇರಿಯಾದ ಕೆಳಸುತ್ತಿನ ಎಲೆಗಳು ಕಾಲಕ್ರಮದಲ್ಲಿ ಒಣಗುತ್ತವೆ. ಇದು ರೋಗವಲ್ಲ. ನೀರಿನ ಕೊರತೆಯಾದಾಗ ಗಿಡ ತನ್ನ ಹಳೆಯ ಎಲೆಗಳಲ್ಲಿ ಕೂಡಿಟ್ಟದ್ದನ್ನು ಹಿಂದಕ್ಕೆ ಪಡೆದು ಎಳೆಯ ಎಲೆಗಳಿಗೆ ಕೊಡುತ್ತದೆ. ಪೂರ್ತಿ ಒಣಗಿ ಕಾಗದದಂತಾದ ಎಲೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ತಾನೇ ಕಳಚಿ ಬರುತ್ತದೆ. ಅಲ್ಲಿ ಕೀಳುವುದೆಂಬುದೇ ಇಲ್ಲ, ಎತ್ತಿಕೊಳ್ಳುವುದಷ್ಟೇ. ಆದರೆ ಹಳದಿಗೆ ತಿರುಗಿ ಮೆತ್ತಗಾಗಿರುವ, ಅರ್ಧ ಒಣಗಿದ ಎಲೆಯ ಮಾತು ಬೇರೆ. ನೋಡಲು ಅದು ಕೆಟ್ಟದಾಗಿ ಕಾಣುತ್ತದೆ. ಅತಿಥಿಗಳು ಬರುವ ಮುನ್ನ ಅದನ್ನು ಕಿತ್ತುಹಾಕುವ ಆತುರ ಮನೆಯವರಿಗೆ. ಆ ಹೊತ್ತಿನಲ್ಲಿ ಆ ಎಲೆ ತನ್ನ ಕೊನೆಯ ನೀರನ್ನು ಗಿಡಕ್ಕೆ ಒಪ್ಪಿಸುತ್ತಿರುತ್ತದೆ. ಬಲವಂತವಾಗಿ ಕಿತ್ತರೆ ಕಾಂಡದ ಸಿಪ್ಪೆ ಹರಿದು ಹಸಿಗಾಯವಾಗುತ್ತದೆ, ಕೊಳೆತಕ್ಕೆ ಬಾಗಿಲು ತೆರೆದಂತಾಗುತ್ತದೆ. ಹತ್ತು ದಿನ ಕಾದರೆ ಅದೇ ಎಲೆ ನೋವಿಲ್ಲದೆ ಬರುತ್ತಿತ್ತು. ಆ ಹತ್ತು ದಿನ ಕಣ್ಣಿಗೆ ಹಿಡಿಸದಿರುವುದನ್ನು ಸಹಿಸುವುದು ದೊಡ್ಡ ಪರೀಷಹವೇನಲ್ಲ.

ಕೆಲವು ಜಾತಿಗಳ ಎಲೆಯ ಮೇಲೆ ವಿಭೂತಿ ಬಳಿದಂತೆ ಬೂದುಬಣ್ಣದ ಪುಡಿಯಿರುತ್ತದೆ. ಅದು ಗಿಡ ತನಗೆ ತಾನೇ ಮಾಡಿಕೊಂಡ ಮೇಣದ ಹೊದಿಕೆ, ಬಿಸಿಲಿನಿಂದ ಕಾಯುತ್ತದೆ. ಧೂಳೆಂದು ಭಾವಿಸಿ ಒದ್ದೆ ಬಟ್ಟೆಯಿಂದ ಒರೆಸಿದರೆ ಆ ಎಲೆಯ ಮೇಲೆ ಅದು ಮತ್ತೆ ಬೆಳೆಯುವುದಿಲ್ಲ. ಬಲ್ಲವರು ನಿಜವಾದ ಧೂಳನ್ನು ಮೃದುವಾದ ಕುಂಚದಿಂದ, ಎಲೆಗೆ ತಾಗಿಯೂ ತಾಗದಂತೆ, ಆಚೆ ಸರಿಸುತ್ತಾರೆ. ಮುನಿಗಳ ನವಿಲುಗರಿಯ ಪಿಂಛಿಯನ್ನು ಬಾಲ್ಯದಿಂದ ಕಂಡ ಜೈನ ಗೃಹಿಣಿಗೆ ಆ ಕೈಚಳಕವನ್ನು ಯಾರೂ ಕಲಿಸಬೇಕಾಗಿಲ್ಲ.

ಒಣಗಿದ ಎಲೆಯನ್ನು ಎತ್ತುವ ವಿಷಯ ಬಂದಾಗ ಲೇಶ್ಯಾವೃಕ್ಷದ ದೃಷ್ಟಾಂತ ನೆನಪಾಗುವುದು ಸಹಜ. ಹಸಿದ ಆರು ಜನರಲ್ಲಿ ಒಬ್ಬನಿಗೆ ಮರವನ್ನು ಬುಡಸಹಿತ ಕೀಳುವ ಮನಸ್ಸು, ಕೊನೆಯವನಿಗೆ ತಾನಾಗಿ ಉದುರಿದ ಹಣ್ಣನ್ನು ಆಯುವ ಮನಸ್ಸು. ಇದು ಬಸದಿಗಳ ಗೋಡೆಯ ಚಿತ್ರಗಳಲ್ಲಿಯೂ ಪಾಠಶಾಲೆಯ ಪುಸ್ತಕಗಳಲ್ಲಿಯೂ ಇರುವ ಕಥೆ. ಉದುರಿದ್ದನ್ನು ಮಾತ್ರ ಮುಟ್ಟುವೆನೆಂಬವನು ಶುಕ್ಲಲೇಶ್ಯೆಯವನು. ಆದರೆ ಕುಂಡದ ಗಿಡದಲ್ಲಿ ಈ ದೃಷ್ಟಾಂತಕ್ಕೆ ಒಂದು ತೊಡಕಿದೆ. ಏನನ್ನೂ ಮುಟ್ಟದೆ ಬಿಟ್ಟರೆ ಒಣ ಎಲೆಗಳು ಬುಡದಲ್ಲಿ ಪದರಪದರವಾಗಿ ಕೂಡುತ್ತವೆ. ಅವುಗಳ ಮರೆಯಲ್ಲಿ ಹಿಟ್ಟು ತಿಗಣೆ ನೆಲೆಸುತ್ತದೆ. ಹತ್ತಿಯ ಚೂರಿನಂತೆ ಕಾಣುವ ಈ ಕೀಟ ಎಲೆಯ ಸಂದಿನಲ್ಲಿ ರಸ ಹೀರುತ್ತ ಬೇಗನೆ ಹೆಚ್ಚುತ್ತದೆ. ಆಗ ಮನೆಯವರು ಏನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾರೆ, ಇಲ್ಲವೇ ಔಷಧಿ ಹೊಡೆಯುತ್ತಾರೆ. ಏಕೇಂದ್ರಿಯ ಜೀವಕ್ಕೆ ಕೈ ಹಚ್ಚಲಾರೆನೆಂದು ಕುಳಿತ ಶ್ರಾವಕನ ಮನೆಯಲ್ಲಿ ತ್ರಸಜೀವಗಳ ವಧೆ ನಡೆಯುತ್ತದೆ, ಅದೂ ಸಂಕಲ್ಪಪೂರ್ವಕವಾಗಿ. ಅಣುವ್ರತ ಮೊದಲು ನಿಷೇಧಿಸುವುದೇ ಅದನ್ನು. ತಿಂಗಳಿಗೊಮ್ಮೆ ಒಣ ಎಲೆ ಎತ್ತಿ ಬುಡಕ್ಕೆ ಗಾಳಿ ಬೆಳಕು ಬಿಟ್ಟಿದ್ದರೆ ಕೀಟಕ್ಕೆ ಅಡಗುದಾಣವೇ ಕಡಿಮೆಯಾಗುತ್ತಿತ್ತು. ಮುಟ್ಟದಿರುವುದೆಲ್ಲ ಅಹಿಂಸೆಯಲ್ಲ, ಕೆಲವೊಮ್ಮೆ ಅದು ಸೋಮಾರಿತನದ ಗೌರವದ ಹೆಸರು.

ಎರಡನೆಯ ಕೆಲಸ ಕಾಂಡ ಕತ್ತರಿಸುವುದು. ಚತುರ್ದಶಿಯಂದು ಸೊಸೆ ಮಾಡಿದ್ದು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಬೆಳಕು ಸಾಲದ ಕಡೆ ಇಟ್ಟ ಗಿಡ ಬೆಳಕನ್ನು ಅರಸುತ್ತ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎಲೆಗಳ ನಡುವೆ ಅಂತರ ಬಿದ್ದು, ಕಾಂಡ ಬಡಕಲಾಗಿ, ಕೊನೆಗೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹಾಗೆ ಎಳೆದುಕೊಂಡ ಕಾಂಡ ಮುಂದೆ ಎಷ್ಟು ಬೆಳಕು ಕೊಟ್ಟರೂ ಮತ್ತೆ ಗಿಡ್ಡವಾಗದು. ಮತ್ತೊಂದು ಕಾರಣ, ನೀರು ಹೆಚ್ಚಾಗಿ ಬುಡ ಕಪ್ಪಾಗಿ ಕೊಳೆಯುವುದು. ಎರಡಕ್ಕೂ ಉಪಾಯ ಒಂದೇ. ಶುದ್ಧವಾದ ಚೂಪು ಚಾಕುವಿನಿಂದ ಮೇಲಿನ ಭಾಗವನ್ನು ಬೇರ್ಪಡಿಸಿ, ಗಾಯ ಒಣಗಿ ಹಕ್ಕಳೆ ಕಟ್ಟುವವರೆಗೆ ಹಲವು ದಿನ ನೆರಳಿನಲ್ಲಿ ಹಾಗೆಯೇ ಇಟ್ಟು, ಅನಂತರ ಒಣಮಣ್ಣಿನ ಮೇಲೆ ಕೂರಿಸಬೇಕು. ಕೊಳೆತವಾದರೆ ಕಪ್ಪು ಕಲೆ ಸ್ವಲ್ಪವೂ ಉಳಿಯದ ಎತ್ತರದಲ್ಲಿ ಕತ್ತರಿಸಬೇಕು. ಆರೋಗ್ಯವಾಗಿರುವ ಬುಡವನ್ನು ಕೆಲವು ಎಲೆಗಳೊಡನೆ ಬಿಟ್ಟರೆ ಅದೂ ಬದಿಯಲ್ಲಿ ಚಿಗುರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಕ್ಕೆ ಒದಗುವ ಬಾಧೆಯೊಡನೆ ಪ್ರಮಾದವನ್ನೂ ಸೇರಿಸಿ ಹೇಳುತ್ತದೆ. ಹಾಗಿದ್ದ ಮೇಲೆ ಆ ಗಿಡದ ವಿಷಯದಲ್ಲಿ ಪ್ರಮಾದ ನಡೆದದ್ದು ಯಾವಾಗ? ಚಾಕು ಹಿಡಿದ ಚತುರ್ದಶಿಯಂದಲ್ಲ. ಅಂದು ಸೊಸೆ ಎಚ್ಚರದಿಂದಲೇ ಇದ್ದಳು. ತಿಂಗಳುಗಳ ಹಿಂದೆ ಆ ಗಿಡವನ್ನು ಬಿಸಿಲು ಬೀಳದ ಹಜಾರದ ಮೂಲೆಯಲ್ಲಿ, ಸೋಫಾದ ಪಕ್ಕದ ಮೇಜಿಗೆ ಒಪ್ಪುತ್ತದೆಂದು ಇಟ್ಟ ದಿನ ಪ್ರಮಾದ ನಡೆದಿತ್ತು. ಲೆಕ್ಕಪತ್ರ ಬಲ್ಲವರಿಗೆ ಇದು ತಟ್ಟನೆ ತಿಳಿಯುತ್ತದೆ. ಕಿರ್ದಿಯಲ್ಲಿ ಇಂದಿನ ತಾರೀಖಿನಲ್ಲಿ ಬರೆದ ಎಷ್ಟೋ ಖರ್ಚುಗಳು ವಾಸ್ತವವಾಗಿ ಹಿಂದಿನ ವರ್ಷದ ಬಾಕಿ. ಹಣ ಕೈಬಿಟ್ಟದ್ದು ಇಂದು. ಸಾಲ ಹುಟ್ಟಿದ್ದು ಅಂದು. ಕತ್ತರಿ ತೀರಿಸುವುದು ಹೆಚ್ಚಾಗಿ ಅಂಥ ಹಳೆಯ ಬಾಕಿಯನ್ನೇ. ತೀರಿಸದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ ಎಂಬ ಸೊಸೆಯ ಮಾತು ಸರಿ. ಸಾಲ ಮಾಡಿದವರು ಯಾರೆಂದು ಅವಳು ಕೇಳಿಕೊಂಡಿರಲಿಲ್ಲ, ಅಷ್ಟೇ.

ಆ ಪ್ರಶ್ನೆಯನ್ನು ಎತ್ತಿದವರು ಅತ್ತೆ. ಮರುದಿನ ಸಂಜೆ ಮೌನ ಮುರಿದು, “ಬುಡ ಕೊಳೆಯುವಂತೆ ಮಾಡಿದವರು ಯಾರಮ್ಮ?” ಎಂದು ಕೇಳಿದರು. ಹಜಾರದ ಕತ್ತಲೆಯಲ್ಲಿಟ್ಟದ್ದು ತನ್ನ ತಪ್ಪೆಂದು ಸೊಸೆ ಒಪ್ಪಿದಳು. ಆದರೆ ಹದಿನೈದು ದಿನಕ್ಕೊಮ್ಮೆ ಮಾತ್ರ ನೀರು ಹಾಕುತ್ತಿದ್ದ ಗಿಡ ಹೀಗೇಕಾಯಿತೆಂದು ಅವಳಿಗೂ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ತಾವೇ ಹೇಳಿದರು. ಪ್ರತಿದಿನ ಬೆಳಿಗ್ಗೆ ನೀರು ಸೋಸಿದ ಮೇಲೆ ಒಂದು ಲೋಟವನ್ನು ಅವರು ಆ ಗಿಡಕ್ಕೆ ಹಾಕುತ್ತಿದ್ದರು. ಸೊಸೆ ಅದಕ್ಕೆ ನೀರು ಹಾಕುವುದನ್ನು ಅವರು ಕಂಡೇ ಇರಲಿಲ್ಲ. ಮನೆಯಲ್ಲೊಂದು ಜೀವ ಬಾಯಾರಿ ನಿಂತಿರುವಾಗ ತಾವು ಹೇಗೆ ನೀರು ಕುಡಿಯುವುದು ಎಂದು ಅವರಿಗೆ ಅನಿಸಿತ್ತು.

ಅತ್ತೆಯ ಆ ಭಾವನೆಯ ಹಿಂದೆ ಶಾಸ್ತ್ರಸಂಸ್ಕಾರವಿದೆ. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು. ಇವನ್ನು ಹೇಳಿರುವುದು ಎತ್ತು, ಕುದುರೆ, ಆಳುಕಾಳುಗಳನ್ನು ಮನಸ್ಸಿನಲ್ಲಿಟ್ಟು. ಅತ್ತೆಯ ಕರುಣೆ ಅದನ್ನು ಕುಂಡದ ಗಿಡಕ್ಕೂ ವಿಸ್ತರಿಸಿತು. ಸೊಸೆಯಲ್ಲಿ ಅವರು ಕಂಡದ್ದು ಮೂರನೆಯ ಅತಿಚಾರ. ತಾವು ತಪ್ಪಿಸಿಕೊಳ್ಳಲು ಹೊರಟದ್ದು ಐದನೆಯದನ್ನು. ಆದರೆ ಈ ಗಿಡಗಳ ಪ್ರಕೃತಿಯೇ ಬೇರೆ. ಮಳೆ ಅಪರೂಪವಾದ ನೆಲದಲ್ಲಿ ಬಾಳಿದ ಇವು, ಹಗಲಿನ ಬಿಸಿಲಿಗೆ ನೀರು ಆವಿಯಾಗದಂತೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತೆರೆದು ತಮಗೆ ಬೇಕಾದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತವೆ. (ರಾತ್ರಿಭೋಜನ ತ್ಯಾಗಿಗಳ ಮನೆಯಲ್ಲಿ ಇಂಥದೊಂದು ವಿಚಿತ್ರ!) ಬೇರು ಒಣಗಿ ನಿಂತಷ್ಟೂ ಅವಕ್ಕೆ ಕ್ಷೇಮ. ದಿನವೂ ಒದ್ದೆಯಾದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗದೆ, ಶಿಲೀಂಧ್ರ ಸೇರಿ, ಕೊಳೆತ ಕಾಂಡಕ್ಕೆ ಏರುತ್ತದೆ. ನೀರು ತಡೆಯುವುದೇ ಅಲ್ಲಿ ದಯೆ, ನೀರು ಎರೆಯುವುದೇ ಬಾಧೆ. ದಯೆಗಿಂತ ಮೊದಲು ಜ್ಞಾನವನ್ನು ಇರಿಸಿದ ಹಿರಿಯರ ಕ್ರಮ ಈ ಪುಟ್ಟ ಕುಂಡದಲ್ಲಿಯೂ ನಿಜವಾಯಿತು. ಅತ್ತೆಗೆ ಈ ಮಾತು ಕೇಳಿ ಆದ ವ್ಯಥೆ ಸಣ್ಣದಲ್ಲ. ಚಾಕು ಹಿಡಿದವಳನ್ನು ಆಕ್ಷೇಪಿಸಿದವರ ಲೋಟವೇ ಆ ಚಾಕುವನ್ನು ಅನಿವಾರ್ಯ ಮಾಡಿತ್ತು.

ಈ ಮನೆಯ ಕತ್ತರಿಗೆ ಕ್ಷಮೆಯಿದೆ ಎಂದ ಮಾತ್ರಕ್ಕೆ ಎಲ್ಲ ಕತ್ತರಿಗೂ ಇದೆಯೆಂದಲ್ಲ. ಕಣ್ಣಿನ ಸುಖಕ್ಕಾಗಿಯೇ ನಡೆಯುವ ಕತ್ತರಿಕೆ ಪೇಟೆಯಲ್ಲಿ ಧಾರಾಳವಾಗಿದೆ. ಕೆಂಪು, ಹಳದಿ ಚೆಂಡನ್ನು ಹಸಿರು ಕಾಂಡದ ಮೇಲೆ ಕೂರಿಸಿದಂತೆ ಕಾಣುವ ಕಳ್ಳಿಯನ್ನು ಎಲ್ಲರೂ ನೋಡಿರುತ್ತಾರೆ. ಆ ಚೆಂಡಿಗೆ ಹರಿತ್ತು ಇಲ್ಲ, ತನ್ನ ಆಹಾರ ತಾನು ಮಾಡಿಕೊಳ್ಳಲಾರದು. ಬೇರೊಂದು ಕಳ್ಳಿಯ ತಲೆ ಕತ್ತರಿಸಿ ಅದರ ಮೇಲೆ ಇದನ್ನು ಕಸಿ ಕಟ್ಟುತ್ತಾರೆ. ಬಹುಮಟ್ಟಿಗೆ ಕೆಲವೇ ವರ್ಷಗಳಲ್ಲಿ ಜೋಡಿ ಸಾಯುತ್ತದೆ. ಕೆಲವೆಡೆ ಎ‍ಲೆಗಳಿಗೆ ನೀಲಿ, ಬೆಳ್ಳಿ ಬಣ್ಣ ಬಳಿದು ಮಾರುವುದೂ ಉಂಟು; ಬಣ್ಣದ ಕೆಳಗೆ ಎಲೆಗೆ ಬೆಳಕು ತಲಪುವುದಿಲ್ಲ. ಮುಳ್ಳುಗಳ ನಡುವೆ ಬಿಸಿ ಅಂಟಿನಿಂದ ಒಣಹೂ ಅಂಟಿಸಿದ ಕಳ್ಳಿಗಳೂ ಮಾರಾಟಕ್ಕೆ ಬರುತ್ತವೆ. ಇವುಗಳಲ್ಲಿ ಗಿಡಕ್ಕೆ ಪ್ರಯೋಜನವೆಂಬುದು ಲವಲೇಶವೂ ಇಲ್ಲ. ಅನರ್ಥದಂಡಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಹುಡುಕಬೇಕಾಗಿಲ್ಲ.

ಅಚೌರ್ಯದ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ದಕ್ಷಿಣ ಆಫ್ರಿಕದಲ್ಲಿ ಕೋನೋಫೈಟಮ್ ಎಂಬ ಬೆರಳ ತುದಿಯಷ್ಟಿನ ಗಿಡಗಳನ್ನು ಕಾಡುನೆಲದಿಂದ ಕದ್ದು ಕಿತ್ತು ಹೊರದೇಶಗಳಿಗೆ ಸಾಗಿಸುವ ದಂಧೆ 2019ರಿಂದೀಚೆಗೆ ವಿಪರೀತವಾಗಿ ಬೆಳೆಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಡ್ಲಿಯಾ ಎಂಬ ಗಿಡದ ಕಳ್ಳತನ ತಡೆಯಲು 2021ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಕದ್ದ ಮಾಲನ್ನು ಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರವೆಂದು ವ್ಯಾಪಾರ ಮಾಡುವ ಶ್ರಾವಕರಿಗೆ ಹೇಳಿಕೊಡಬೇಕಾಗಿಲ್ಲ. ಅಪರೂಪದ ಗಿಡ ಕೊಳ್ಳುವಾಗ ಅದು ನರ್ಸರಿಯಲ್ಲಿ ಬೆಳೆದದ್ದೋ ಬೆಟ್ಟದಿಂದ ಕಿತ್ತದ್ದೋ ಎಂದು ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ.

ಇನ್ನು ಮರಿಗಳ ವಿಚಾರ. ಉದುರಿದ ಪ್ರತಿಯೊಂದು ಎಲೆಯಿಂದಲೂ ಗಿಡ ಮಾಡಬಹುದೆಂದು ತಿಳಿದವರಿಗೆ ಒಂದು ಬಗೆಯ ಲೋಭ ಹತ್ತುತ್ತದೆ. ಹತ್ತು ಕುಂಡ ನಲವತ್ತಾಗುತ್ತದೆ, ನಲವತ್ತು ನೂರಾಗುತ್ತದೆ. ಖರ್ಚಿಲ್ಲದೆ ಬಂದದ್ದರಿಂದ ಪರಿಗ್ರಹವೆಂದು ಅನಿಸುವುದೇ ಇಲ್ಲ. ಆದರೆ ನೂರು ಗಿಡಗಳ ಒಣ ಎಲೆ ಎತ್ತುವ, ಬೆಳಕಿಗೆ ತಿರುಗಿಸಿಡುವ ವ್ಯವಧಾನ ಯಾರಿಗಿದೆ? ವ್ಯವಧಾನವಿಲ್ಲದಲ್ಲಿ ಪ್ರಮಾದ, ಪ್ರಮಾದವಾದಲ್ಲಿ ಮತ್ತೆ ಕತ್ತರಿ. ಅಗತ್ಯಕ್ಕೆ ಮೀರಿ ಭೋಗವಸ್ತು ಕೂಡಿಹಾಕುವುದನ್ನು ಅನರ್ಥದಂಡ ವ್ರತದ ಅತಿಚಾರಗಳಲ್ಲಿಯೇ ಎಣಿಸಿರುವುದು ಸುಮ್ಮನೆ ಅಲ್ಲ. ಒಬ್ಬರ ಎರಡು ಕೈಗಳು ನೋಡಿಕೊಳ್ಳಬಲ್ಲಷ್ಟು ಗಿಡಕ್ಕೆ ಪರಿಮಾಣ ಹಾಕಿಕೊಳ್ಳುವುದು ಕಷ್ಟದ ನಿಯಮವಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾಲಿದೆ. ಸಭೆ ಸಮಾರಂಭಗಳಲ್ಲಿ ಶಾಲು ಹಾರಗಳ ಬದಲು ಗಿಡದ ಕುಂಡ ಕೊಡುವ ಪದ್ಧತಿ ಈಗ ಬಂದಿದೆ. ಹಾರಕ್ಕಾಗಿ ಹೂ ಕೀಳುವುದು ತಪ್ಪಿತೆಂದು ಸಂತೋಷಪಡುವುದು ಯುಕ್ತವೇ. ಆದರೆ ವೇದಿಕೆಯ ಮೇಲೆ ಕೈಗೆ ಕೈ ದಾಟುವ ಆ ಕುಂಡವನ್ನು ಪಡೆದವರಿಗೆ ಅದು ಬೇಕೇ, ಅವರ ಮನೆಗೆ ಬಿಸಿಲು ಬರುತ್ತದೆಯೇ, ನೀರು ಎಷ್ಟು ದಿನಕ್ಕೊಮ್ಮೆ ಎಂಬ ಒಂದು ಸಾಲಿನ ಚೀಟಿಯಾದರೂ ಅದರ ಜೊತೆಗಿದೆಯೇ? ಕಾರಿನ ಹಿಂದಿನ ಸೀಟಿನಲ್ಲಿಯೇ ಒಣಗಿಹೋದ ಸನ್ಮಾನಗಳು ಎಷ್ಟೋ. ಶಾಲು ಬೀರುವಿನಲ್ಲಿ ಮಡಿಸಿಟ್ಟರೆ ಯಾರಿಗೂ ಬಾಧೆಯಿಲ್ಲ. ಜೀವವನ್ನು ಹಾಗೆ ಮಡಿಸಿಡಲಾಗದು. ದಶಲಕ್ಷಣ ಪರ್ವದ ಹಿಂದಿನ ದಿನ ಆವರಣ ಅಂದವಾಗಿ ಕಾಣಲೆಂದು ಆಳುಗಳಿಂದ ಕುಂಡಗಳನ್ನೆಲ್ಲ ಒಂದೇ ಸಮನೆ ಕತ್ತರಿಸಿಸುವುದೂ ಮರುಚಿಂತನೆಗೆ ಯೋಗ್ಯ. ಉತ್ತಮಕ್ಷಮೆಯ ದಿನಕ್ಕೆ ಸಿದ್ಧತೆ ಕತ್ತರಿಯಿಂದ ಆರಂಭವಾಗಬೇಕೇ? ವರ್ಷವಿಡೀ ತಿಂಗಳಿಗೊಮ್ಮೆ ಒಬ್ಬರು ಒಣಗಿದ್ದನ್ನು ಎತ್ತುತ್ತಿದ್ದರೆ ಪರ್ವದ ಮುನ್ನಾದಿನಕ್ಕೆ ಕತ್ತರಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಆ ಮನೆಯಲ್ಲಿ ಕತ್ತರಿಸಿದ ಎಚೆವೇರಿಯಾದ ಮೇಲ್ಭಾಗ ಹಳೆಯ ಪತ್ರಿಕೆಯ ಹಾಳೆಯ ಮೇಲೆ, ಬಾಲ್ಕನಿಯ ನೆರಳಿನಲ್ಲಿ, ಬೇರಿಲ್ಲದೆ ಮಣ್ಣಿಲ್ಲದೆ ಮಲಗಿತ್ತು. ಎರಡು ದಿನದ ಮೇಲೆ ಅತ್ತೆ ಅದನ್ನು ತಿರುಗಿಸಿ ಗಾಯವನ್ನು ನೋಡಿದರು, ಹಕ್ಕಳೆ ಕಟ್ಟತೊಡಗಿತ್ತು. “ಇದಕ್ಕೆ ನೀರು ಯಾವಾಗ?” ಎಂದು ಕೇಳಿದರು. ಮಣ್ಣಿಗಿಟ್ಟ ಮೇಲೆ, ಬರುವ ಅಷ್ಟಮಿಯ ಹೊತ್ತಿಗೆ ಸ್ವಲ್ಪ ಹಾಕಬಹುದೆಂದು ಸೊಸೆ ಹೇಳಿದಳು. ಅತ್ತೆ ಕನ್ನಡಕ ಹಾಕಿಕೊಂಡು ಗೋಡೆಯ ಪಂಚಾಂಗದಲ್ಲಿ ಅಷ್ಟಮಿಯ ಚೌಕವನ್ನು ಹುಡುಕಿದರು. ಅಲ್ಲಿ ಆಗಲೇ ಅವರದೇ ಅಕ್ಷರದಲ್ಲಿ ಉಪವಾಸವೆಂದು ಬರೆದಿತ್ತು. ಅದರ ಕೆಳಗೆ ಸಣ್ಣದಾಗಿ, ಗಿಡದ ಪಾರಣೆ ಎಂದು ಬರೆದರು.